ನೋಯದ ಗಂಟು, ಹಿಡಿಯದ ಕೆಂಪು

ಬಹಳ ಹಿಂದಿನ ಮಾತೇನಲ್ಲ, ಬಹಳ ದೂರದ್ದೂ ಅಲ್ಲ. ಒಂದು ಬೀದಿ ಇತ್ತು. ಬೀದಿಯ ಕೊನೆಯಲ್ಲಿ ಒಂದು ಮನೆ. ಆ ಮನೆಯ ಮುಂದಿನ ಚರಂಡಿಯಲ್ಲಿ ಇವತ್ತು ನೀಲಿ ನೀರು ಹರಿದರೆ ನಾಳೆ ಹಳದಿ ನೀರು. ಅದು ಬಟ್ಟೆಗೆ ಬಣ್ಣ ಹಾಕುವವರ ಮನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿಯ ಬಿಳಿ ಬೆಕ್ಕೊಂದು ವರ್ಷವಿಡೀ ಒಂದು ಕಾಲು ಹಸಿರಾಗಿಯೇ ಓಡಾಡುತ್ತಿತ್ತು.

ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ಬಣ್ಣದಕ್ಕ ಎನ್ನುತ್ತಿದ್ದರು. ಮೊಣಕೈಯಿಂದ ಕೆಳಗೆ ಅವಳ ಚರ್ಮಕ್ಕೆ ಸ್ವಂತ ಬಣ್ಣ ಅನ್ನುವುದೇ ಉಳಿದಿರಲಿಲ್ಲ. ಗಂಡ ಬಟ್ಟೆಗೆ ಇಸ್ತ್ರಿ ಹಾಕಿ ಮಡಿಸುವವನು, ಮಾತು ಕಡಿಮೆ. ಹಿತ್ತಿಲ ಗೋಡೆಯ ಮೇಲೆ ಒಂದು ಬಳ್ಳಿ ಹಬ್ಬಿತ್ತು. ಅದರ ಬೇರನ್ನು ಬೇಯಿಸಿದರೆ ಒಳ್ಳೆಯ ಕೆಂಪು ಸಿಗುತ್ತಿತ್ತು. ಎಲೆಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ. ಅಜ್ಜಿಯರ ಕಥೆಗಳಲ್ಲಿ ರಾಕ್ಷಸನ ಪ್ರಾಣ ಎಲ್ಲೋ ದೂರದ ಗಿಣಿಯೊಳಗೆ ಅಡಗಿರುತ್ತದಲ್ಲ, ಹಾಗೆ ಈ ಕಥೆಯ ಸಂಕಟವೆಲ್ಲ ಆ ಕೆಲಸವಿಲ್ಲದ ಎಲೆಯೊಳಗೆ ಅಡಗಿತ್ತು.

ಬಣ್ಣದಕ್ಕನ ತಂಗಿಯ ಮಗಳು ಒಬ್ಬಳಿದ್ದಳು. ಚಿಕ್ಕಂದಿನಲ್ಲಿ ಒಂದು ಕಡೆ ಕೂರುತ್ತಿರಲಿಲ್ಲವಾದ್ದರಿಂದ ಗುಬ್ಬಿ ಎಂದು ಕರೆದರು. ಈಗ ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂತಿರುತ್ತಾಳೆ, ಆದರೂ ಹೆಸರು ಹಾರಿಹೋಗಿಲ್ಲ. ಗಿಡಗಳಲ್ಲಿ ಕ್ಯಾನ್ಸರ್ ತಡೆಯುವ, ಊತ ಇಳಿಸುವ ಅಂಶಗಳೇನಾದರೂ ಇವೆಯೇ ಎಂದು ಹುಡುಕುವ ಸಂಶೋಧನಾಲಯದಲ್ಲಿ ಅವಳಿಗೆ ಕೆಲಸ.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಬಂದಿದ್ದಳು. ಹಿತ್ತಿಲ ಬಾಗಿಲ ಬೀಗ ಕೆಟ್ಟಿತ್ತು. ಎದುರುಮನೆಯ ಬೀಗ ರಿಪೇರಿಯವನು, ಎಲ್ಲರ ಬಾಯಲ್ಲೂ ಬೀಗದಣ್ಣ, ಅದನ್ನು ಬಿಚ್ಚಿಕೊಂಡು ಕೂತಿದ್ದ.

"ದೊಡ್ಡಮ್ಮ, ನಿಮ್ಮ ಬಳ್ಳಿ ಎಲೆ ಕಿತ್ಕೊಂಡು ಹೋಗಿದ್ನಲ್ಲ," ಎಂದಳು ಗುಬ್ಬಿ. "ಅದರ ಸಾರ ತೆಗೆದು, ಗಾಜಿನ ತಟ್ಟೇಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡಿದ್ವಿ. ಸತ್ತುಹೋದವು. ಊತ ಇಳಿಸೋ ಗುಣಾನೂ ಇರೋ ಹಾಗೆ ಕಾಣುತ್ತೆ."

"ನಮ್ಮ ಬಳ್ಳೀನಾ?"

"ನಿಮ್ಮ ಬಳ್ಳೀನೇ. ಆದರೆ ಇದು ಬರೀ ಶುರು, ಇನ್ನೂ..."

ಇನ್ನೂ ಏನು ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಬೀಗದಣ್ಣ ಸುತ್ತಿಗೆ ಕೆಳಗಿಟ್ಟು ಎದ್ದು ನಿಂತಿದ್ದ.

"ಹಿತ್ತಲಲ್ಲಿ ಇಂಥಾ ಸಂಜೀವಿನಿ ಇಟ್ಕೊಂಡು, ಬಾಗಿಲಿಗೆ ಈ ಹಳೇ ಬೀಗಾನೇ ಸಾಕು ಅಂತೀರಲ್ಲ ಅಕ್ಕ. ನಿಮಗೇನಾದ್ರೂ ಬುದ್ಧಿ ಇದೆಯಾ?"

ಎಲ್ಲರೂ ನಕ್ಕರು. ಅವನು ಬೀಗ ಸರಿಮಾಡಿ ಹೊರಗೆ ಹೋದ. ಸುದ್ದಿಯೂ ಅವನ ಜೊತೆಗೇ ಹೋಯಿತು. ಬೀದಿಯ ಮೊದಲ ತಿರುವಿನಲ್ಲೇ ಗಾಜಿನ ತಟ್ಟೆಯ ಮಾತು ಉದುರಿಬಿತ್ತು. ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ "ಬಣ್ಣದಕ್ಕನ ಬಳ್ಳಿ ಕ್ಯಾನ್ಸರ್ ವಾಸಿ ಮಾಡುತ್ತದಂತೆ" ಎಂಬುದಷ್ಟೇ ಉಳಿದಿತ್ತು. ಮರುದಿನದಿಂದ ಜನ ಚೀಲ ಹಿಡಿದು ಬರತೊಡಗಿದರು. ಬಣ್ಣದಕ್ಕ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಇಷ್ಟು ವರ್ಷ ಬಣ್ಣದ ಕೈ ನೋಡಿ ದೂರ ಸರಿಯುತ್ತಿದ್ದವರು ಈಗ ಅದೇ ಕೈಯಿಂದ ಎಲೆ ಇಸಿದುಕೊಳ್ಳುತ್ತಿದ್ದರು. ಅವಳ ಮನಸ್ಸು ಉಬ್ಬದೆ ಇರುತ್ತದೆಯೇ?

ಅದೇ ಬೀದಿಯಲ್ಲಿ ಬೇಕರಿಯಮ್ಮ ಇದ್ದಳು. ಬೆಳಗಾಗುವ ಮೊದಲೇ ಅವಳ ಒಲೆಯ ವಾಸನೆ ಬೀದಿಯನ್ನು ಎಬ್ಬಿಸುತ್ತಿತ್ತು. ಅವಳಿಗೆ ಸ್ತನದ ಕ್ಯಾನ್ಸರ್. ಆಪರೇಷನ್ ಆಗಿ, ಆಗಾಗ ಆಸ್ಪತ್ರೆಗೆ ಹೋಗಿ ನರಕ್ಕೆ ಔಷಧಿ ಹಾಕಿಸಿಕೊಂಡು ಬರುತ್ತಿದ್ದಳು. ತಲೆಗೂದಲೆಲ್ಲ ಉದುರಿಹೋಗಿತ್ತು. ಬಳ್ಳಿಯ ಸುದ್ದಿ ಹಬ್ಬುವ ಮೊದಲೇ ಒಂದು ದಿನ ಅವಳು ಬಣ್ಣದ ಹಂಡೆಯ ಪಕ್ಕ ಬಂದು ಕೂತಿದ್ದಳು.

"ಅಕ್ಕ, ವಾರ್ಡಿನಲ್ಲಿ ನಾವೆಲ್ಲ ಸಾಲಾಗಿ ಕೂತ್ರೆ ಸುಲಿದ ಆಲೂಗಡ್ಡೆ ಜೋಡಿಸಿಟ್ಟ ಹಾಗಿರ್ತೀವಿ ನೋಡು. ಅವರು ಕೊಡೋ ಬೂದು ಬಟ್ಟೆ ಕಟ್ಕೊಂಡ್ರೆ ಇನ್ನೂ ಚಂದ. ಒಂದು ಥಾನು ಮೆತ್ತನೆ ಬಟ್ಟೆಗೆ ನಿನ್ನ ಬಳ್ಳಿ ಕೆಂಪು ಹಾಕ್ಕೊಡ್ತೀಯಾ? ಹರಿದು ಎಲ್ಲರ ತಲೆಗೂ ಕಟ್ತೀನಿ."

"ಇಡೀ ಥಾನಾ? ಆ ಕೆಂಪನ್ನ ನಾನು ಕರವಸ್ತ್ರಕ್ಕಿಂತ ದೊಡ್ಡದಕ್ಕೆ ಹಾಕಿದವಳೇ ಅಲ್ಲ ಕಣೇ."

"ಈಗ ಹಾಕು. ಸಾಯೋ ಮುಂಚೆ ಕೊಟ್ರೆ ಸಾಕು."

"ಬಾಯಿ ಮುಚ್ಚು. ಹಾಕ್ಕೊಡ್ತೀನಿ. ಮಾತು ಕೊಟ್ಟೆ, ಸರೀನಾ?"

ಆಮೇಲೆ ಎಲೆಯ ಸುದ್ದಿ ಬಂತು. ಆಸ್ಪತ್ರೆಯ ಔಷಧಿಯಿಂದ ಬೇಕರಿಯಮ್ಮನಿಗೆ ವಾಂತಿ, ಬಾಯಿ ತುಂಬ ಹುಣ್ಣು. ತಾನೇ ಬೇಯಿಸಿದ ಬ್ರೆಡ್ಡಿನ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಎಲೆಯ ಕಷಾಯವಾದರೆ ಬರೀ ಕಹಿ, ಅಷ್ಟೇ. ಅವಳು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಳು, ಕಷಾಯ ಕುಡಿಯತೊಡಗಿದಳು. ವಾಂತಿ ನಿಂತಿತು. ಊಟ ಸೇರಿತು. ಬೋಳುತಲೆಯ ಮೇಲೆ ಎಳೆಗೂದಲು ಚಿಗುರಿತು.

ಬೀದಿಗೆ ಇನ್ನೇನು ಬೇಕು? ಹೆಂಗಸರು ಸರದಿಯಲ್ಲಿ ಬಂದು ಆ ತಲೆಯನ್ನು ಮುಟ್ಟಿ ನೋಡಿದರು. ಬೀಗದಣ್ಣ ತನ್ನ ಊದಿದ ಮಂಡಿಗೂ ಕಷಾಯ ಶುರುಮಾಡಿದ. ಕೂದಲು ಉದುರಿಸುತ್ತಿದ್ದುದು ಔಷಧಿ. ಔಷಧಿ ನಿಂತಿತು, ಕೂದಲು ಬಂತು. ರೋಗ ನಿಂತಿದೆ ಎಂಬುದಕ್ಕೆ ಅದು ಗುರುತೇ ಅಲ್ಲ. ಆದರೆ ಅದನ್ನು ಹೇಳಬಲ್ಲ ಗುಬ್ಬಿ ಆಗ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಳು. ಆಸ್ಪತ್ರೆಯ ನರ್ಸಮ್ಮ ಹುಡುಕಿಕೊಂಡು ಬಂದಾಗ ಬೇಕರಿಯಮ್ಮ ಹಿಂಬಾಗಿಲಿನಿಂದ ಹೊರಟುಹೋಗಿದ್ದಳು.

ಅದೇ ದಿನಗಳಲ್ಲಿ ಒಂದು ಬೆಳಗ್ಗೆ ಬಣ್ಣದಕ್ಕ ಹಿಂಡಿದ ಬಟ್ಟೆಯ ಸುರುಳಿಯನ್ನು ಎದೆಗೆ ಆನಿಸಿಕೊಂಡು ಹಗ್ಗದ ಕಡೆ ಹೋಗುತ್ತಿದ್ದಳು. ಎಡಗಡೆ ಏನೋ ಒತ್ತಿದಂತಾಯಿತು. ಬಚ್ಚಲಿಗೆ ಹೋಗಿ ಕೈಯಾಡಿಸಿ ನೋಡಿದಳು. ಒಂದು ಗಂಟು. ಬಟಾಣಿಗಿಂತ ದೊಡ್ಡದು, ಗಟ್ಟಿ. ಒತ್ತಿದರೆ ನೋಯಲಿಲ್ಲ. ಮತ್ತೆ ಒತ್ತಿದಳು. ನೋಯಲಿಲ್ಲ.

'ನೋವಿಲ್ಲ ಅಂದ ಮೇಲೆ ಏನೂ ಇರಲ್ಲ' ಎಂದುಕೊಂಡಳು. ಏನೂ ಇರದಿದ್ದರೆ ಕಷಾಯ ಯಾಕೆ ಕುಡಿಯಬೇಕು? ಅದನ್ನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹಿತ್ತಿಲಿಗೆ ಹೋಗಿ ಒಂದು ಹಿಡಿ ಎಲೆ ಕಿತ್ತು ತಂದಳು.

ಗುಬ್ಬಿ ಊರಿಗೆ ಬಂದ ದಿನ ಬಣ್ಣದಕ್ಕ ಕೊಟ್ಟ ಮಾತಿನಂತೆ ಥಾನಿಗೆ ಕೆಂಪು ಹಾಕುತ್ತಿದ್ದಳು. ಅವರ ಮನೆಯ ಪದ್ಧತಿ ಒಂದೇ: ಮೊದಲು ಒಂದು ಚೂರು ಬಟ್ಟೆಯನ್ನು ಪುಟ್ಟ ಪಾತ್ರೆಯಲ್ಲಿ ಅದ್ದಿ ನೋಡುವುದು. ಆ ಚೂರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಏನು ಕೆಂಪು! ಕಣ್ಣು ಕೀಳಲಾಗದಂಥ ಕೆಂಪು. ಅದೇ ಧೈರ್ಯದ ಮೇಲೆ ಬೇರು, ಬಣ್ಣ ಕಚ್ಚಿಸುವ ಪಟಿಕ, ಎಲ್ಲವನ್ನೂ ಅದೇ ಅಳತೆಯಲ್ಲಿ ಹೆಚ್ಚಿಸಿ ದೊಡ್ಡ ಕಬ್ಬಿಣದ ಹಂಡೆಗೆ ಹಾಕಿದ್ದಳು. ಕೋಲಿನಿಂದ ಥಾನನ್ನು ಎತ್ತಿ ನೋಡಿದರೆ ಅದು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಗಂಡ ಬಗ್ಗಿ ನೋಡಿ ಇಸ್ತ್ರಿಯ ಮೇಜಿಗೆ ಹೋದ.

ಬೀಗದಣ್ಣ ಎಲೆಗೆಂದು ಬಂದವನು ಅಲ್ಲೇ ಇದ್ದ. ಗುಬ್ಬಿ ಬೀದಿಯ ಕಥೆಯನ್ನೆಲ್ಲ ಕೇಳಿಕೊಂಡೇ ಒಳಗೆ ಬಂದಳು.

"ದೊಡ್ಡಮ್ಮ, ಬೇಕರಿ ಅತ್ತೆ ಆಸ್ಪತ್ರೆ ಬಿಟ್ಟಿದ್ದು ನಿಜಾನಾ?"

"ಬಿಟ್ರೆ ಏನೀಗ? ಕೂದಲು ಬಂದಿದೆ, ಮೈ ಕೈ ತುಂಬ್ಕೊಂಡಿದೆ. ನೀನೇ ತಾನೇ ಹೇಳಿದ್ದು, ಸತ್ತುಹೋದವು ಅಂತ."

"ಗಾಜಿನ ತಟ್ಟೇಲಿ ಸತ್ತವು ಅಂದೆ. ಬಚ್ಚಲು ತೊಳೆಯೋ ಬ್ಲೀಚಿಂಗ್ ಪುಡಿ ಹಾಕಿದ್ರೂ ಆ ತಟ್ಟೇಲಿ ಸಾಯ್ತವೆ. ಹಾಗಂತ ಅದನ್ನ ಕುಡೀತೀರಾ?"

"ಅಯ್ಯೋ, ಎಲೇನ ಬ್ಲೀಚಿಂಗ್ ಪುಡಿಗೆ ಹೋಲಿಸ್ತಾಳೆ," ಎಂದ ಬೀಗದಣ್ಣ. "ನನ್ನ ಮಂಡಿ ಊತ ಇಳಿದಿದೆ ತಾಯಿ. ಬೇಕಾದ್ರೆ ಮುಟ್ಟಿ ನೋಡು."

"ಕಷಾಯ ಶುರುಮಾಡಿದ ಮೇಲೆ ನೆಲದ ಮೇಲೆ ಕೂತು ಕೆಲಸ ಮಾಡ್ತಿದೀರಾ, ಸ್ಟೂಲ್ ಮೇಲಾ?"

"ಸ್ಟೂಲ್ ಮೇಲೆ. ನೋವಿತ್ತಲ್ಲ, ನನ್ನಾಕೆ ಸ್ಟೂಲ್ ತಂದ್ಕೊಟ್ಲು."

"ಹಾಗಾದ್ರೆ ಊತ ಇಳಿಸಿದ್ದು ಎಲೆನೋ ಅತ್ತಿಗೆ ತಂದ ಸ್ಟೂಲೋ, ಹೇಳೋದು ಹೇಗೆ? ನಮ್ಮ ಕೆಲಸಾನೇ ಅದು ಅಣ್ಣ. ಯಾವುದರಿಂದ ಏನಾಯ್ತು ಅಂತ ಬೇರೆ ಬೇರೆ ಮಾಡಿ ನೋಡೋದು."

ಬೀಗದಣ್ಣ ಮಂಡಿ ಸವರಿಕೊಂಡ. ಆದರೂ ಬಿಡಲಿಲ್ಲ. "ಗಿಡದಲ್ಲಿ ಗುಣ ಇಲ್ಲ ಅಂದ್ರೆ ನೀವ್ಯಾಕೆ ಸಂಬಳ ತಗೊಂಡು ಅದನ್ನೇ ಅರೀತೀರಿ?"

"ಗುಣ ಇಲ್ಲ ಅಂದವರು ಯಾರು? ಇವತ್ತು ಆಸ್ಪತ್ರೇಲಿ ಕೊಡೋ ಕ್ಯಾನ್ಸರ್ ಔಷಧಿಗಳಲ್ಲಿ ಎಷ್ಟೋ ಗಿಡದಿಂದಲೇ ಬಂದಿದ್ದು. ಬೇಕರಿ ಅತ್ತೆಗೆ ಹಾಕ್ತಿದ್ರಲ್ಲ, ಅದರಲ್ಲೊಂದು ಮೊದಲು ಸಿಕ್ಕಿದ್ದು ಒಂದು ಮರದ ತೊಗಟೇಲಿ. ತೊಗಟೇಲಿ ಬೇಕಾದ್ದೂ ಇರುತ್ತೆ, ವಿಷಾನೂ ಇರುತ್ತೆ. ಬೇಕಾದ್ದನ್ನ ಬೇರೆ ಮಾಡಿ, ಎಷ್ಟು ಕೊಟ್ರೆ ರೋಗ ಸಾಯುತ್ತೆ, ಎಷ್ಟು ಕೊಟ್ರೆ ಮನುಷ್ಯ ಸಾಯ್ತಾನೆ ಅಂತ ತಿಳಿಯೋಕೆ ವರ್ಷಗಟ್ಟಲೆ ಹಿಡೀತು. ಅದನ್ನ ಬಿಟ್ಟು ಅವರು ಈಗ ಏನು ಕುಡೀತಿದಾರೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಬಣ್ಣದಕ್ಕನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು.

"ಮತ್ತೆ ಆ ತಟ್ಟೇಲಿ ನೋಡಿದ್ದು ಸುಳ್ಳಾ ಹಾಗಾದ್ರೆ?"

ಗುಬ್ಬಿ ಕಿಟಕಿಯ ಚೂರನ್ನು ನೋಡಿದಳು, ಹಂಡೆಯನ್ನು ನೋಡಿದಳು.

"ಈ ಚೂರು ಸುಳ್ಳಾ ದೊಡ್ಡಮ್ಮ?"

"ಸುಳ್ಳು ಯಾಕಾಗುತ್ತೆ? ನಾನೇ ಅದ್ದಿದ್ದು."

"ಥಾನು ಯಾಕೆ ಹೀಗಾಯ್ತು?"

"ಹಂಡೆ ದೊಡ್ಡದು. ಬಿಸಿ ಆರಲ್ಲ, ಬೇರು ಕಂದಿಹೋಗುತ್ತೆ. ಕಬ್ಬಿಣ ಬೇರೆ ಬಣ್ಣಾನ ಕೊಂದಿದೆ. ಚೂರಿಗೆ ಹಿಡಿದಿದ್ದು ಥಾನಿಗೂ ಹಿಡಿಯುತ್ತೆ ಅಂತ..."

"ನನ್ನ ತಟ್ಟೆ ನಿಮ್ಮ ಈ ಚೂರಿನ ಹಾಗೆ," ಎಂದಳು ಗುಬ್ಬಿ ಮೆಲ್ಲಗೆ. "ತಟ್ಟೆಗೆ ಹೊಟ್ಟೆ ಇಲ್ಲ, ರಕ್ತ ಇಲ್ಲ, ಯಕೃತ್ತು ಇಲ್ಲ. ಮನುಷ್ಯನ ಮೈ ದೊಡ್ಡ ಹಂಡೆ. ಕೆಟ್ಟ ಥಾನನ್ನ ಬಿಸಾಕಿ ಇನ್ನೊಂದು ತರಬಹುದು. ಬೇಕರಿ ಅತ್ತೇನ ಎಲ್ಲಿಂದ ತರೋಣ?"

ಗುಬ್ಬಿ ನೀರು ಕುಡಿಯಲು ಅಡಿಗೆಮನೆಗೆ ಹೋದಳು. ಅಲ್ಲಿ ಮುಚ್ಚಿಟ್ಟ ಪಾತ್ರೆ ಕಂಡಿತು.

"ಇದು ಯಾರಿಗೆ ದೊಡ್ಡಮ್ಮ?"

"ಸುಮ್ನೆ. ಮೈಗೆ ಒಳ್ಳೇದು ಅಂತ."

ಗುಬ್ಬಿ ಕಷಾಯವನ್ನು ಬಚ್ಚಲಿಗೆ ಸುರಿದು ಬೇಕರಿಗೆ ಓಡಿದಳು. ಆ ವಾರ ಆಸ್ಪತ್ರೆಗೆ ಬರುತ್ತೇನೆ ಎಂದು ಬೇಕರಿಯಮ್ಮ ಒಪ್ಪಿಕೊಂಡಳು. ವಾರ ಬಂದಾಗ ಮುಂದಿನ ವಾರ ಎಂದಳು. ಬ್ರೆಡ್ಡಿನ ದೊಡ್ಡ ಆರ್ಡರ್ ಇದೆ, ಮುಗಿಸಿ ಬರುತ್ತೇನೆ ಎಂದಳು. ಬಣ್ಣದಕ್ಕನೂ ತನ್ನ ಗಂಟಿನ ವಿಷಯ ಬಾಯಿ ಬಿಡಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ಅವಳಿಗೆ. ಗುಬ್ಬಿ ಹೊರಟ ಮೇಲೆ ಮತ್ತೆ ಎಲೆ ಕಿತ್ತಳು.

ಒಂದು ಬೆಳಗ್ಗೆ ಬೀದಿಗೆ ಬ್ರೆಡ್ಡಿನ ವಾಸನೆ ಬರಲಿಲ್ಲ.

ಬೇಕರಿಯ ಶಟರ್ ಅರ್ಧ ಎದ್ದು ನಿಂತಿತ್ತು. ಒಳಗೆ ಹಿಟ್ಟಿನ ಚೀಲಗಳ ಮೇಲೆ ಬೇಕರಿಯಮ್ಮ ಕುಸಿದು ಕೂತಿದ್ದಳು. ಕಣ್ಣು ಹಳದಿ, ಉಗುರು ಹಳದಿ. ಬಣ್ಣದಕ್ಕನ ಚರಂಡಿಯ ನೀರಿನಂಥ ಹಳದಿ.

ವಾರ್ಡಿನಲ್ಲಿ ಡಾಕ್ಟರಮ್ಮ ಬಚ್ಚಿಡದೆ ಹೇಳಿದರು. ಚಿಕಿತ್ಸೆ ನಿಂತ ಮೇಲೆ ರೋಗ ಯಕೃತ್ತಿಗೂ ಮೂಳೆಗೂ ಹರಡಿದೆ. ಅದರ ಮೇಲೆ ಕಷಾಯವೂ ಯಕೃತ್ತನ್ನು ಕೆಡಿಸಿರಬಹುದು. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಈಗ ನೋವು ಕಡಿಮೆ ಮಾಡಬಹುದು, ಅಷ್ಟೇ.

ಬಣ್ಣದಕ್ಕ ಮಂಚದ ಪಕ್ಕ ಕೂತಳು. ಬೇಕರಿಯಮ್ಮನ ಹೊಸ ಕೂದಲು ದಿಂಬಿನ ಮೇಲೆ ಕಪ್ಪಗೆ, ದಟ್ಟವಾಗಿ ಹೊಳೆಯುತ್ತಿತ್ತು. ಅದನ್ನು ನೋಡುವುದು ಅವಳಿಂದ ಆಗಲಿಲ್ಲ.

"ನಾನೇ ಕಣೇ ನಿನಗೆ ಎಲೆ ಕೊಟ್ಟಿದ್ದು."

"ಕುಡಿದಿದ್ದು ನಾನು," ಎಂದಳು ಬೇಕರಿಯಮ್ಮ. ಉಸಿರು ಎಳೆದುಕೊಂಡು ಮಾತಾಡುತ್ತಿದ್ದಳು. "ಥಾನು ಏನಾಯ್ತು?"

"ಹಾಳಾಯ್ತು. ಕೆಂಪು ಹಿಡೀಲಿಲ್ಲ."

"ಮತ್ತೆ ಹಾಕು. ನನ್ನ ತಲೆಗೆ ಇನ್ನು ಬೇಡ, ನೋಡು ಎಷ್ಟು ಚಂದ ಕೂದಲು ಬಂದಿದೆ." ನಗಲು ನೋಡಿದಳು, ಆಗಲಿಲ್ಲ. "ಅಕ್ಕ, ನೀನು ಎಡಗೈ ಯಾಕೆ ಹಾಗೆ ಹಿಡ್ಕೊಂಡಿರ್ತೀಯ?"

"ಹೇಗೆ?"

"ಎದೆಗೆ ಅಡ್ಡ. ನಾನೂ ಹಾಗೇ ಹಿಡ್ಕೊಳ್ತಿದ್ದೆ, ಯಾರಿಗೂ ಹೇಳೋಕೆ ಮುಂಚೆ."

ಬಣ್ಣದಕ್ಕ ಕೈ ಇಳಿಸಿದಳು.

"ನೋವಿದೆಯಾ?"

"ಇಲ್ಲ."

"ನನಗೂ ಇರಲಿಲ್ಲ," ಎಂದು ಬೇಕರಿಯಮ್ಮ ಕಣ್ಣು ಮುಚ್ಚಿದಳು. "ಮಾತು ಕೊಟ್ಟಿದೀಯ. ಥಾನು ಇಲ್ಲಿಗೆ ನೀನೇ ತಂದುಕೊಡ್ಬೇಕು. ಅದಕ್ಕೆ ನೀನು ಬದುಕಿರ್ಬೇಕಲ್ಲ."

ಆ ವಾರ ಮುಗಿಯುವ ಮೊದಲೇ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ ಬಣ್ಣದಕ್ಕ ಇಸ್ತ್ರಿಯ ಮೇಜಿನ ಮುಂದೆ ನಿಂತು ಹೇಳಿದಳು, "ಇವ್ರೇ, ನನಗೊಂದು ಗಂಟಾಗಿದೆ. ಎದೇಲಿ."

ಗಂಡನ ಕೈ ಇದ್ದಲ್ಲೇ ನಿಂತಿತು. ಇಸ್ತ್ರಿ ಪೆಟ್ಟಿಗೆಯ ಕೆಳಗಿನಿಂದ ಹೊಗೆ ಎದ್ದಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಗಿರಾಕಿಯ ಬಟ್ಟೆ ಸುಟ್ಟಿದ್ದ.

"ನಾಳೆ ಬೆಳಗ್ಗೆ ಹೋಗೋಣ," ಎಂದ. "ಗುಬ್ಬೀಗೂ ಬರಕ್ಕೆ ಹೇಳು."

ಡಾಕ್ಟರಮ್ಮ ಮುಟ್ಟಿ ನೋಡಿದರು, ಎದೆಯ ಸ್ಕ್ಯಾನ್ ಮಾಡಿಸಿದರು, ಸೂಜಿಯಿಂದ ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ಬೇರೆ ಏನಾದ್ರೂ ತಗೊಳ್ತಿದೀರಾ? ಎಲೆ, ಬೇರು, ಪುಡಿ, ಏನಾದ್ರೂ?" ಎಂದು ಕೇಳಿದರು. ಬಣ್ಣದಕ್ಕ ತಲೆ ತಗ್ಗಿಸಿ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಅದು ನಮ್ಮ ಔಷಧಿಗೆ ಅಡ್ಡ ಬರಬಹುದು. ಇವತ್ತಿಂದ ನಿಲ್ಲಿಸಿ. ಯಕೃತ್ತನ್ನೂ ಪರೀಕ್ಷೆ ಮಾಡೋಣ."

ಗಂಟು ಕ್ಯಾನ್ಸರೇ ಆಗಿತ್ತು. ಕಂಕುಳವರೆಗೂ ಬಂದಿತ್ತು, ಮುಂದಕ್ಕೆ ಹೋಗಿರಲಿಲ್ಲ. ಮೊದಲು ಕೈಗೆ ಸಿಕ್ಕಾಗಲೇ ಬಂದಿದ್ದರೆ ದಾರಿ ಇನ್ನೂ ಸುಲಭವಾಗಿರುತ್ತಿತ್ತು ಎಂದರು ಡಾಕ್ಟರಮ್ಮ. ವಾಸಿಯಾಗುತ್ತದೆ ಎಂದು ಆಣೆ ಮಾಡಲಿಲ್ಲ. ಚಿಕಿತ್ಸೆ ಪೂರ್ತಿ ತೆಗೆದುಕೊಂಡರೆ ಒಳ್ಳೆಯ ಅವಕಾಶ ಇದೆ ಎಂದಷ್ಟೇ ಹೇಳಿದರು.

ಆಪರೇಷನ್ ಆಯಿತು. ನರಕ್ಕೆ ಔಷಧಿ ಶುರುವಾಯಿತು. ಹನಿ ಹನಿಯಾಗಿ ಇಳಿಯುವ ಬಾಟಲಿ ನೋಡುತ್ತ ಬಣ್ಣದಕ್ಕ ಗುಬ್ಬಿಯನ್ನು ಕೇಳಿದಳು, "ಆ ಮರದ ತೊಗಟೆದು ಇದೇನಾ?"

"ಇದೇ ದೊಡ್ಡಮ್ಮ."

"ನಮ್ಮ ಬಳ್ಳಿದು ಯಾವತ್ತಾದ್ರೂ ಹೀಗೆ ಬಾಟಲಿಗೆ ಬರುತ್ತಾ?"

"ಬರಬಹುದು, ಬರದೇನೂ ಇರಬಹುದು. ತಟ್ಟೇಲಿ ಗೆದ್ದಿದ್ದರಲ್ಲಿ ಹೆಚ್ಚಿನವು ಮುಂದೆ ಸೋಲ್ತವೆ. ಆದ್ರೂ ನೋಡ್ತಾನೇ ಇರ್ತೀವಿ. ಇನ್ಮೇಲೆ ನಿಮ್ಮನೇಲಿ ಮಾತಾಡುವಾಗ ಮಾತು ಮುಗಿಯೋವರೆಗೂ ಯಾರನ್ನೂ ಏಳಕ್ಕೆ ಬಿಡಲ್ಲ."

ಬೀಗದಣ್ಣ ಹಿತ್ತಿಲ ಬಾಗಿಲಿಗೆ ಭಾರಿ ಬೀಗವೊಂದನ್ನು ಜಡಿದ. ಎಲೆ ಕೇಳಿಕೊಂಡು ಬಂದವರಿಗೆ ಸ್ಟೂಲಿನ ಮೇಲೆ ಕೂತೇ ಹೇಳುತ್ತಿದ್ದ, "ಬಳ್ಳಿ ಬಣ್ಣಕ್ಕೆ. ರೋಗಕ್ಕೆ ಆಸ್ಪತ್ರೆ ಆ ಕಡೆ ಇದೆ. ಬನ್ನಿ, ದಾರಿ ತೋರಿಸ್ತೀನಿ." ಕೆಲವರು ಗೊಣಗುತ್ತ ಹಿಂದಿರುಗಿದರು. ಕೆಲವರು ಅವನ ಹಿಂದೆ ನಡೆದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ತಾಯಂದಿರೇ, ನಿಮ್ಮ ಮೈಯನ್ನು ನೀವೇ ಮುಟ್ಟಿ ನೋಡಿಕೊಳ್ಳಿ. ಗಂಟು ಸಿಕ್ಕರೆ ನೋಯಲಿ ಎಂದು ಕಾಯಬೇಡಿ. ನೋಯದ ಗಂಟನ್ನೇ ಮೊದಲು ತೋರಿಸಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಪರೀಕ್ಷೆ ಹೇಳಬೇಕು, ಬೀದಿಯಲ್ಲ. ಯಾವುದೋ ಎಲೆ ಕ್ಯಾನ್ಸರನ್ನು ಕೊಂದಿತು ಎಂಬ ಸುದ್ದಿ ಬಂದರೆ ಒಂದೇ ಮಾತು ಕೇಳಿ: ಕೊಂದಿದ್ದು ಗಾಜಿನ ತಟ್ಟೆಯಲ್ಲೋ, ಮನುಷ್ಯರ ಮೈಯಲ್ಲೋ? ಕಷಾಯ, ಪುಡಿ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಚಿಕಿತ್ಸೆ ಹಿಂಸೆ ಎನಿಸಿದರೆ ಅದನ್ನೂ ಅವರಿಗೇ ಹೇಳಿ. ವಾಂತಿಗೆ, ಬಾಯಿ ಹುಣ್ಣಿಗೆ ಅವರ ಹತ್ತಿರ ಉಪಾಯವಿದೆ. ಹಿಂಬಾಗಿಲಿನಿಂದ ಮಾತ್ರ ಹೊರಡಬೇಡಿ.

ಇಷ್ಟೆಲ್ಲ ಹೇಳಿ, ಕೊಟ್ಟ ಮಾತಿನ ಕಥೆಯನ್ನು ಬಿಟ್ಟರೆ ಹೇಗೆ?

ಬಣ್ಣದಕ್ಕ ಮೈಯಲ್ಲಿ ಶಕ್ತಿ ಇದ್ದ ದಿನಗಳಲ್ಲಿ ಮತ್ತೆ ಕೆಂಪು ಹಾಕಿದಳು. ಈ ಸಲ ಚೂರಿನಿಂದ ಥಾನಿಗೆ ಹಾರಲಿಲ್ಲ. ಚೂರಾದ ಮೇಲೆ ಕರವಸ್ತ್ರ, ಕರವಸ್ತ್ರವಾದ ಮೇಲೆ ದಿಂಬಿನ ಚೀಲ, ಆಮೇಲೆ ಹೊದಿಕೆ. ಕಬ್ಬಿಣದ ಹಂಡೆ ಬಿಟ್ಟು ತಾಮ್ರದ್ದು ಹಿಡಿದಳು. ಗಂಡ ಉರಿ ಹೆಚ್ಚದಂತೆ ಒಲೆಯ ಮುಂದೆ ಕಾದು ಕೂತ. ಎರಡು ಸಲ ಕೆಟ್ಟಿತು. ಕೆಟ್ಟದ್ದೇಕೆ ಎಂದು ನೋಡಿ ಮತ್ತೆ ಹಾಕಿದಳು. ಕೊನೆಗೊಂದು ದಿನ ಕೋಲಿನಿಂದ ಎತ್ತಿದರೆ ಇಡೀ ಥಾನು ಕೆಂಪಗೆ ಇಳಿಬಿತ್ತು.

ವಾರ್ಡಿಗೆ ಹೊತ್ತುಕೊಂಡು ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ, ಬೇಕರಿಯಮ್ಮ ಮಲಗುತ್ತಿದ್ದ ಜಾಗದಲ್ಲಿ, ಈಗ ಬೇರೊಬ್ಬಳು ಇದ್ದಳು. ಹೊಸಬಳು, ತಲೆಯ ಮೇಲೆ ಬೂದು ಬಟ್ಟೆ. ಬಣ್ಣದಕ್ಕ ಥಾನಿನ ಅಂಚನ್ನು ಹಲ್ಲಿನಿಂದ ಕಚ್ಚಿ ಸರ್ರನೆ ಹರಿದಳು. ಮೊದಲ ತುಂಡನ್ನು ಅವಳ ತಲೆಗೆ ಸುತ್ತಿದಳು.

"ಬಣ್ಣ ಬಿಡುತ್ತಾ ಅಕ್ಕ?" ಎಂದಳು ಆ ಹೊಸಬಳು.

"ಬಿಡಲ್ಲ. ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆದು ನೋಡಿದ ಮೇಲೇ ತಂದಿರೋದು."

ಸಾಲಿನಲ್ಲಿದ್ದವರಿಗೆಲ್ಲ ಒಂದೊಂದು ತುಂಡು ಬಂತು. ಕೊನೆಯದನ್ನು ಬಣ್ಣದಕ್ಕ ಮಡಿಸಿ, ತನ್ನ ಬೋಳುತಲೆಗೆ ಬಿಗಿಯಾಗಿ ಕಟ್ಟಿಕೊಂಡು, ಔಷಧಿಗೆ ಕೈ ಚಾಚಿ ಕೂತಳು.